ಪರವಾನಗಿ ಇಲ್ಲದೆ ಕೆಲಸ ಆರಂಭಿಸುವ ಗುತ್ತಿಗೆದಾರ: ಕೊಡಗಿನ ಬಾಡಿಗೆ ಮನೆ ಮಾಲೀಕರ ಮುಂದಿರುವ ದಾರಿಗಳ ಹೋಲಿಕೆ

ಸುಗ್ಗಿಯ ಹಬ್ಬವಾದ ಹುತ್ತರಿ ಮುಗಿದು ಗದ್ದೆ ಕೊಯ್ಲು ಒಂದು ಹದಕ್ಕೆ ಬಂದ ಮೇಲೆ ಕೊಡಗಿನಲ್ಲಿ ಮನೆ ಕಟ್ಟುವ, ರಿಪೇರಿ ಮಾಡಿಸುವ ಮಾತುಗಳು ಶುರುವಾಗುತ್ತವೆ. ಆದರೆ ಆಗಲೇ ಕಾಫಿ ಕೊಯ್ಲು ಬರುವುದರಿಂದ ಫೆಬ್ರವರಿಯವರೆಗೆ ಆಳುಗಳು ಸಿಗುವುದು ಕಷ್ಟ, ಮೇ ಕೊನೆಗೆ ಮಳೆಯ ಭಯ. ಹಾಗಾಗಿ ನಿಜವಾಗಿ ಕೈಗೆ ಸಿಗುವುದು ಮೂರೂವರೆ ನಾಲ್ಕು ತಿಂಗಳು ಮಾತ್ರ. ಬಾಡಿಗೆ ಮನೆಯ ಮಾಲೀಕರಿಗೆ ಇದರ ಮೇಲೆ ಇನ್ನೊಂದು ಒತ್ತಡವಿರುತ್ತದೆ. ಶಾಲೆ ಆರಂಭವಾಗುವ ಹೊತ್ತಿಗೆ ವರ್ಗಾವಣೆಯಾಗಿ ಬರುವ ಶಿಕ್ಷಕರೂ ಬ್ಯಾಂಕ್ ನೌಕರರೂ ಮನೆ ಹುಡುಕುತ್ತಾರೆ, ಆಗ ಮನೆ ಸಿದ್ಧವಿಲ್ಲದಿದ್ದರೆ ಮಳೆಗಾಲವಿಡೀ ಖಾಲಿ ಉಳಿಯುತ್ತದೆ. ಈ ಅವಸರವನ್ನು ಚೆನ್ನಾಗಿ ಬಲ್ಲ ಗುತ್ತಿಗೆದಾರ ಹೇಳುವ ಮಾತು ಒಂದೇ: "ಪರ್ಮಿಷನ್ ಎಲ್ಲ ಆಮೇಲೆ ಮಾಡಿಸೋಣ, ಮೊದಲು ಕೆಲಸ ಮುಗಿಸೋಣ."

ಆ ಮಾತಿಗೆ ಒಪ್ಪಬೇಕೇ, ಒಪ್ಪದಿದ್ದರೆ ಏನು ಮಾಡಬೇಕು, ನಮಗೆ ಗೊತ್ತಾಗುವ ಮೊದಲೇ ಕೆಲಸ ಅರ್ಧ ಆಗಿಹೋಗಿದ್ದರೆ ಯಾವ ದಾರಿ ಹಿಡಿಯಬೇಕು ಎಂಬುದನ್ನು ಇಲ್ಲಿ ಒಂದರ ಪಕ್ಕ ಒಂದನ್ನಿಟ್ಟು ನೋಡಿದ್ದೇನೆ. ಮಡಿಕೇರಿಯ ಹೊರವಲಯದಲ್ಲಿ ಎರಡು ಸಣ್ಣ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ನಾನು ಇದರಲ್ಲಿ ಕೆಲವನ್ನು ತಪ್ಪು ಮಾಡಿ ಕಲಿತಿದ್ದೇನೆ.

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ. ಕಟ್ಟಡದ ಪರವಾನಗಿ ಸಿಗುವುದು ಜಾಗದ ಮಾಲೀಕರ ಹೆಸರಿಗೆ, ಪರವಾನಗಿ ಇಲ್ಲದಿದ್ದರೆ ನೋಟಿಸು ಬರುವುದೂ ಅದೇ ಹೆಸರಿಗೆ. ಗುತ್ತಿಗೆದಾರ ತನ್ನ ಹಣ ತೆಗೆದುಕೊಂಡು ಮುಂದಿನ ಸೈಟಿಗೆ ಹೋಗುತ್ತಾನೆ. ಕಟ್ಟಡ, ಅದರ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ), ಮನೆಯೊಳಗೆ ಮಲಗುವ ಬಾಡಿಗೆದಾರರು, ಇವೆಲ್ಲ ನಮ್ಮ ಹೊಣೆಯಾಗಿ ಉಳಿಯುತ್ತವೆ.

ಯಾವ ಕೆಲಸಕ್ಕೆ ಯಾರ ಅನುಮತಿ

ಸುಣ್ಣ ಬಣ್ಣ, ಹೆಂಚು ಬದಲಿಸುವುದು, ನೆಲದ ಟೈಲ್ಸ್, ಕಿಟಕಿ ಬಾಗಿಲಿನ ದುರಸ್ತಿ, ಗಾರೆ, ಇಂತಹ ಸಾಮಾನ್ಯ ದುರಸ್ತಿಗಳಿಗೆ ಕಟ್ಟಡ ಪರವಾನಗಿ ಬೇಕಿಲ್ಲ. ಕೋಣೆ ಸೇರಿಸುವುದು, ಮಹಡಿ ಎತ್ತುವುದು, ಹೊರಗೋಡೆಯನ್ನು ಮುಂದಕ್ಕೆ ತರುವುದು, ಜಗುಲಿಯನ್ನು ಮುಚ್ಚಿ ಕೋಣೆ ಮಾಡುವುದು, ಒಂದು ಮನೆಯನ್ನು ಎರಡು ಬಾಡಿಗೆ ಮನೆಗಳಾಗಿ ಒಡೆಯುವುದು, ಇವೆಲ್ಲ ಅನುಮತಿ ಬೇಡುವ ಕೆಲಸಗಳು. ಗುತ್ತಿಗೆದಾರರು "ಇದು ರಿಪೇರಿ ಅಷ್ಟೇ" ಎಂದು ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿಗೆ ಸೇರಿರುತ್ತವೆ. ಹಳೆಯ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಮೇಲಿನ ಶೀಟು ತೆಗೆದು ಕಾಂಕ್ರೀಟ್ ಹಾಕಿ ಮೇಲೆ ಇನ್ನೊಂದು ಕೋಣೆ ಎತ್ತುವುದನ್ನೂ ರಿಪೇರಿ ಎಂದು ಕರೆದವರನ್ನು ನಾನು ನೋಡಿದ್ದೇನೆ.

ಅನುಮತಿ ಕೊಡುವವರು ಯಾರು ಎಂಬುದು ಜಾಗ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಮಡಿಕೇರಿಯಲ್ಲಿ ನಗರಸಭೆ, ವಿರಾಜಪೇಟೆ ಮತ್ತು ಕುಶಾಲನಗರದಲ್ಲಿ ಪುರಸಭೆ, ಸೋಮವಾರಪೇಟೆಯಲ್ಲಿ ಪಟ್ಟಣ ಪಂಚಾಯಿತಿ. ಇಲ್ಲೆಲ್ಲ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ. ಉಳಿದ ಊರುಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯೇ ಕಟ್ಟಡಕ್ಕೆ ಅನುಮತಿ ಕೊಡಬೇಕು. ಹಳ್ಳಿಯಲ್ಲಿ ಮನೆ ಕಟ್ಟಲು ಅನುಮತಿ ಬೇಡ ಎಂಬ ಮಾತು ತಪ್ಪು. ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ವ್ಯಾಪ್ತಿಯೊಳಗೆ ಬರುವ ಜಾಗವಾದರೆ ಪ್ರಾಧಿಕಾರದ ಒಪ್ಪಿಗೆಯೂ ಬೇಕಾಗುತ್ತದೆ, ಮಡಿಕೇರಿಯ ಸುತ್ತಿನ ಕೆಲವು ಹಳ್ಳಿಗಳವರು ಇದನ್ನು ಮರೆತು ಪಂಚಾಯಿತಿಯ ಕಾಗದವೊಂದನ್ನೇ ಹಿಡಿದುಕೊಂಡು ಕುಳಿತಿರುತ್ತಾರೆ.

ಕೊಡಗಿನಲ್ಲಿ ಇದರ ಕೆಳಗೆ ಇನ್ನೊಂದು ಪದರವಿದೆ. ಜಾಗ ಕೃಷಿ ಭೂಮಿಯಾಗಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಂತೆ ಮೊದಲು ಭೂಪರಿವರ್ತನೆ ಆಗಬೇಕು. ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಯಾಗಿದ್ದರೆ ಆರ್‌ಟಿಸಿಯಲ್ಲಿ ಪಟ್ಟೆದಾರರ (ಕುಟುಂಬದ ಪರವಾಗಿ ಹೆಸರಿರುವ ಹಿರಿಯರ) ಜೊತೆಗೆ ಕುಟುಂಬದ ಹಲವರ ಹೆಸರು ಇರುವುದು ಸಾಮಾನ್ಯ, ಒಬ್ಬರ ಒಪ್ಪಿಗೆ ಸಿಗದಿದ್ದರೂ ಪರಿವರ್ತನೆಯ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ದಾರಿಗೆ ಅಡ್ಡವಾದ ಮರ ಕಡಿಯಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಿದೆ. ಜಾಗ ಅನ್‌ರಿಡೀಮ್ಡ್ ಆಗಿದ್ದರೆ, ಎಂದರೆ ಮರದ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದೆ ಇದ್ದರೆ, ಅಲ್ಲಿನ ಮರದ ಹಕ್ಕೂ ನಮ್ಮದಲ್ಲ. ಜೆಸಿಬಿ ಒಳಗೆ ಬರಲೆಂದು ಬೀಟೆ ಮರವೊಂದನ್ನು ಬೀಳಿಸಿದರೆ ಪ್ರಕರಣ ಹೂಡುವುದು ಅರಣ್ಯ ಇಲಾಖೆ, ಪಂಚಾಯಿತಿ ಅದನ್ನು ಬಗೆಹರಿಸಿಕೊಡಲು ಬರುವುದಿಲ್ಲ.

ಇಷ್ಟೆಲ್ಲ ಕಾಗದ ಯಾಕೆ ಎಂದು ಬೇಸರವಾಗುವುದು ಸಹಜ. ಆದರೆ 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆಯ ಬೆಟ್ಟಗಳು ಮನೆಗಳ ಸಮೇತ ಇಳಿದುಬಂದದ್ದನ್ನು ನಾವು ಕಂಡಿದ್ದೇವೆ. ಆಮೇಲೆ ಬಂದು ನೋಡಿದ ಭೂವಿಜ್ಞಾನಿಗಳು ವಿಪರೀತ ಮಳೆಯ ಜೊತೆಗೆ ಇಳಿಜಾರನ್ನು ಮನಬಂದಂತೆ ಕಡಿದದ್ದನ್ನೂ ಕಾರಣವಾಗಿ ಹೇಳಿದರು. ನಮ್ಮ ಜಿಲ್ಲೆಯಲ್ಲಿ ಪರವಾನಗಿ ತಪ್ಪಿಸುವ ಗುತ್ತಿಗೆದಾರ ತಪ್ಪಿಸುವುದು ಶುಲ್ಕವನ್ನಷ್ಟೇ ಅಲ್ಲ. ಮಣ್ಣು ಕಡಿಯುವ ಮೊದಲು ಎಂಜಿನಿಯರೊಬ್ಬರು ಆ ಇಳಿಜಾರನ್ನೂ ನೀರಿನ ಹಾದಿಯನ್ನೂ ಒಮ್ಮೆ ನೋಡುವ ಅವಕಾಶವನ್ನೇ ತಪ್ಪಿಸುತ್ತಾನೆ.

ಒಂದು ತಡೆಗೋಡೆಯ ಕಥೆ

ನಮ್ಮ ಎರಡು ಬಾಡಿಗೆ ಮನೆಗಳಲ್ಲಿ ಹಿಂಭಾಗದಲ್ಲಿರುವ ಮನೆಗೆ ಒಂದು ಅಡುಗೆಕೋಣೆ ಮತ್ತು ಸ್ನಾನದ ಮನೆ ಸೇರಿಸಲು ಗುತ್ತಿಗೆ ಕೊಟ್ಟಿದ್ದೆ. ಜಾಗ ಸಾಲದೆಂದು ಗುತ್ತಿಗೆದಾರ ಏಪ್ರಿಲ್‌ನ ಒಂದು ಭಾನುವಾರ ಜೆಸಿಬಿ ತರಿಸಿ ಹಿಂದಿನ ಬರೆಯನ್ನು ಸುಮಾರು ಹತ್ತು ಅಡಿ ಎತ್ತರಕ್ಕೆ ನೇರವಾಗಿ ಕಡಿಸಿ, ಎರಡೇ ವಾರದಲ್ಲಿ ಸೈಜುಕಲ್ಲಿನ ತಡೆಗೋಡೆ ಎಬ್ಬಿಸಿದ. ನಾನು ಹೋಗಿ ನೋಡಿದಾಗ ಗೋಡೆ ಅಂದವಾಗಿಯೇ ಇತ್ತು. "ಪಂಚಾಯಿತಿಯಲ್ಲಿ ಹೇಳಿದ್ದೇನೆ" ಎಂದ ಅವನ ಮಾತನ್ನು ನಂಬಿದೆ. ಹೇಳುವುದು ಬೇರೆ, ಅರ್ಜಿ ಕೊಡುವುದು ಬೇರೆ ಎಂಬುದು ಆಗ ಹೊಳೆಯಲಿಲ್ಲ.

ಜೂನ್ ಎರಡನೆಯ ವಾರ ಆ ಮನೆಯಲ್ಲಿ ಬಾಡಿಗೆಗಿದ್ದ ಶಿಕ್ಷಕಿ ಫೋನ್ ಮಾಡಿ, ಗೋಡೆಯ ಬುಡದಿಂದ ಕೆಂಪು ನೀರು ಬರುತ್ತಿದೆ ಎಂದರು. ಹೋಗಿ ನೋಡಿದರೆ ಗೋಡೆಯಲ್ಲಿ ನೀರು ಹೊರಬರುವ ಪೈಪು ಒಂದೂ ಇರಲಿಲ್ಲ. ಹಿಂದೆ ಜಲ್ಲಿ ತುಂಬಿಸಿರಲಿಲ್ಲ, ಕಡಿದ ಮಣ್ಣನ್ನೇ ಮರಳಿ ತುಂಬಿದ್ದರು. ಗೋಡೆಯ ನಡುಭಾಗ ಅಂಗೈಯಷ್ಟು ಮುಂದಕ್ಕೆ ಉಬ್ಬಿತ್ತು, ಮೇಲಿನ ಬರೆಯ ಅಂಚಿನಲ್ಲಿ ಕಾಫಿ ಗಿಡಗಳ ಸಾಲಿನ ನಡುವೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ನನ್ನ ಪರಿಚಯದ ಎಂಜಿನಿಯರೊಬ್ಬರು ಅಲ್ಲೇ ನಿಂತು ಲೆಕ್ಕ ಹೇಳಿದರು: ಹತ್ತು ಅಡಿ ಎತ್ತರದ ಗೋಡೆಯ ಹಿಂದೆ ನೀರು ಪೂರ್ತಿ ನಿಂತರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದದ ಮೇಲೆ ನೀರೊಂದೇ ಸುಮಾರು 4.5 ಟನ್ ಬಲದಿಂದ ತಳ್ಳುತ್ತದೆ, ಮಣ್ಣಿನ ಒತ್ತಡ ಅದರ ಮೇಲಿನದು. ಅಂದು ಸಂಜೆಯೇ ಆ ಕುಟುಂಬವನ್ನು ನಮ್ಮ ಮನೆಗೆ ಕರೆತಂದೆವು. ಗೋಡೆ ಆ ವರ್ಷ ಬೀಳಲಿಲ್ಲ. ಮೇಲಿನ ಬಿರುಕಿಗೆ ಟಾರ್ಪಾಲು ಹೊದಿಸಿ, ಮಳೆನೀರನ್ನು ಪಕ್ಕಕ್ಕೆ ತಿರುಗಿಸುವ ಚರಂಡಿ ತೋಡಿ, ಮಳೆ ನಿಂತ ಮೇಲೆ ಪೂರ್ತಿ ತೆಗೆದು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಸಿದೆವು. ಮೊದಲ ಗೋಡೆಗೆ ಕೊಟ್ಟ ಹಣವೆಲ್ಲ ಹೋಯಿತು. ಆ ಮಕ್ಕಳು ಮಲಗುತ್ತಿದ್ದ ಕೋಣೆಯ ಗೋಡೆಗೂ ಆ ತಡೆಗೋಡೆಗೂ ನಡುವೆ ಇದ್ದದ್ದು ನಾಲ್ಕು ಅಡಿ ಜಾಗ ಎಂಬುದನ್ನು ಇಂದಿಗೂ ಮರೆಯಲಾಗಿಲ್ಲ.

ಕೆಲಸ ಕೊಡುವ ಮೊದಲು: ಮೂರು ಬಗೆಯ ಗುತ್ತಿಗೆದಾರರು

ಒಂದೇ ಕೆಲಸಕ್ಕೆ ಮೂವರ ಬಳಿ ದರ ಕೇಳಿದರೆ ಸಾಮಾನ್ಯವಾಗಿ ಮೂರು ರೀತಿಯ ಉತ್ತರ ಬರುತ್ತದೆ. ಅನುಮತಿಯೇ ಬೇಡ ಎನ್ನುವವನದು ಎಲ್ಲಕ್ಕಿಂತ ಕಡಿಮೆ ದರ. ಇವನ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದ್ದಿಲ್ಲ. ಅವನ ದರದಲ್ಲಿ ಎಂಜಿನಿಯರ್, ನಕ್ಷೆ, ಶುಲ್ಕ, ಮಣ್ಣಿನ ಪರೀಕ್ಷೆ ಯಾವುದೂ ಇರುವುದಿಲ್ಲ, ಆದ್ದರಿಂದ ಅದನ್ನು ಉಳಿದವರ ದರದೊಂದಿಗೆ ಹೋಲಿಸುವುದೇ ತಪ್ಪು.

ಮೊದಲ ಭೇಟಿಯಲ್ಲೇ ಆರ್‌ಟಿಸಿ, ಪರಿವರ್ತನೆಯ ಆದೇಶ, ಪಂಚಾಯಿತಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದಲ್ಲಾದರೆ ನಮೂನೆ 3 ಕೇಳುವವನು ಎರಡನೆಯ ಬಗೆಯವನು. ಇವನು ನಕ್ಷೆಯನ್ನು ನಿಮ್ಮದೇ ಎಂಜಿನಿಯರ್ ಮಾಡಿಸಲಿ, ಪರವಾನಗಿ ಕೈಗೆ ಬಂದ ಮೇಲೆ ಕರೆಯಿರಿ ಎನ್ನುತ್ತಾನೆ. ಮಾಲೀಕರಿಗೆ ಓಡಾಟ ಹೆಚ್ಚು, ಆರಂಭಕ್ಕೆ ಒಂದೆರಡು ತಿಂಗಳು ತಡ. ಆದರೆ ಎಂಜಿನಿಯರ್ ಗುತ್ತಿಗೆದಾರನ ಆಳಾಗಿರದೆ ನಮ್ಮ ಪರವಾಗಿ ಇರುತ್ತಾನೆ ಎಂಬುದೊಂದೇ ಲಾಭ ಈ ತಡವನ್ನು ಮೀರಿಸುತ್ತದೆ.

ತೂಗಿ ನೋಡಬೇಕಾದವನು ಮೂರನೆಯವನು. "ಲೈಸೆನ್ಸು, ಪ್ಲ್ಯಾನು ಎಲ್ಲ ನಾನೇ ನೋಡಿಕೊಳ್ಳುತ್ತೇನೆ, ನೀವು ತಲೆ ಕೆಡಿಸಿಕೊಳ್ಳಬೇಡಿ" ಎಂದು ಒಟ್ಟು ದರದಲ್ಲೇ ಎಲ್ಲವನ್ನೂ ಸೇರಿಸುವವನು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದುಕೊಂಡು ಇಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೆ ಇವನೇ ಅನುಕೂಲ, ಮತ್ತು ಈ ಗುಂಪಿನಲ್ಲಿ ನಿಯತ್ತಿನವರು ಖಂಡಿತ ಇದ್ದಾರೆ. ಆದರೆ ಅನುಮತಿ ತಪ್ಪಿಸಿದ ಪ್ರಕರಣಗಳಲ್ಲಿ ನಾನು ಕಂಡ ಹೆಚ್ಚಿನವು ಇಂತಹ ಒಟ್ಟು ಗುತ್ತಿಗೆಯಲ್ಲೇ ಆದದ್ದು, ಏಕೆಂದರೆ ಅರ್ಜಿ ಹೋಗಿದೆಯೇ ಇಲ್ಲವೇ ಎಂಬುದು ಅವನಿಗೆ ಮಾತ್ರ ಗೊತ್ತಿರುತ್ತದೆ. ಇವನನ್ನು ಆರಿಸಿಕೊಂಡರೆ ಮೂರು ಕಟ್ಟುಪಾಡುಗಳನ್ನು ಬಿಡಬಾರದು. ಅರ್ಜಿಯ 'ಸಕಾಲ' (ಸರ್ಕಾರಿ ಸೇವೆಗಳ ಖಾತರಿ ಯೋಜನೆ) ಸ್ವೀಕೃತಿ ಸಂಖ್ಯೆ ಕೈಗೆ ಬರುವವರೆಗೆ ಮುಂಗಡದಾಚೆ ಹಣ ಕೊಡಬಾರದು. ಮಂಜೂರಾದ ನಕ್ಷೆಯ ಮೊಹರಿರುವ ಪ್ರತಿ ಸಿಗುವವರೆಗೆ ಮಣ್ಣು ಮುಟ್ಟಬಾರದು ಎಂದು ಕರಾರಿನಲ್ಲಿ ಬರೆದಿರಬೇಕು. ಸರ್ಕಾರಿ ಶುಲ್ಕವನ್ನು ಒಟ್ಟು ದರದಿಂದ ಹೊರಗಿಟ್ಟು, ರಸೀದಿ ತೋರಿಸಿದರೆ ಮಾತ್ರ ಬೇರೆಯಾಗಿ ಕೊಡಬೇಕು.

ಕರಾರಿನ ಬಗ್ಗೆ ಒಂದು ಎಚ್ಚರಿಕೆ. ಕೆಲವರು ಖರ್ಚು ಉಳಿಸಲು ಪರವಾನಗಿ ಇಲ್ಲದೆಯೇ ಕೆಲಸ ಮಾಡಲು ಒಪ್ಪಿ, ಅದನ್ನು ಕಾಗದದಲ್ಲೂ ಬರೆಯುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 23ನೇ ಪ್ರಕರಣದಂತೆ ಕಾನೂನುಬಾಹಿರ ಉದ್ದೇಶದ ಕರಾರು ಅನೂರ್ಜಿತ. ನಾಳೆ ಕೆಲಸ ಕೆಟ್ಟರೆ ಆ ಕಾಗದ ಹಿಡಿದು ಪರಿಹಾರ ಕೇಳಲು ಹೋದ ಮಾಲೀಕನಿಗೆ ಅದೇ ಅಡ್ಡಿಯಾಗುತ್ತದೆ. ಅದೇ ರೀತಿ "ಕಚೇರಿಯವರಿಗೆ ಸ್ವಲ್ಪ ಕೊಡಬೇಕು" ಎಂದು ಗುತ್ತಿಗೆದಾರ ಕೇಳುವ ಹಣ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಗುತ್ತಿಗೆದಾರನ ಕೈಯಿಂದ ಕೊಡಿಸಿದರೆ ನಮಗೆ ಸಂಬಂಧವಿಲ್ಲ ಎಂದು ಭಾವಿಸಬಾರದು.

ಕೆಲಸ ಆರಂಭವಾಗಿಬಿಟ್ಟಿದ್ದರೆ

ಮೊದಲು ಅನುಮಾನ ನಿಜವೇ ಎಂದು ನೋಡಿಕೊಳ್ಳಬೇಕು. ಪಂಚಾಯಿತಿಗೋ ನಗರಸಭೆಗೋ ಖುದ್ದಾಗಿ ಹೋಗಿ ಅರ್ಜಿಯ ಸಂಖ್ಯೆ ಕೇಳಿದರೆ ಹೆಚ್ಚಿನ ಸಂದರ್ಭಗಳಲ್ಲಿ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಅದಕ್ಕೆ 30 ದಿನಗಳ ಗಡುವಿದೆ. ಆದರೆ ಬರೆ ಕಡಿದಿದ್ದರೆ 30 ದಿನ ಕಾಯುವಂತಿಲ್ಲ. ಅರ್ಜಿ ಇಲ್ಲವೆಂದು ಖಚಿತವಾದ ಮೇಲೆ ಮಾಲೀಕರ ಮುಂದೆ ಉಳಿಯುವ ದಾರಿಗಳು ನಾಲ್ಕು.

ಕೆಲಸ ನಿಲ್ಲಿಸಿ ಅನುಮತಿ ಪಡೆದು ಮುಂದುವರಿಯುವುದು ಮೊದಲನೆಯದು. ಇದರಲ್ಲಿ ಆಗುವ ನಷ್ಟ ಸಮಯದ್ದು, ಹಲವು ಸಲ ಒಂದು ಇಡೀ ಹಂಗಾಮಿನದು. ಈಗಾಗಲೇ ಆಗಿರುವುದನ್ನು ಮುಚ್ಚಿಡದೆ, ನೋಂದಾಯಿತ ಎಂಜಿನಿಯರಿಂದ ಇರುವ ಸ್ಥಿತಿಯ ನಕ್ಷೆ ಮಾಡಿಸಿ, ಅದನ್ನೂ ಸೇರಿಸಿ ಅರ್ಜಿ ಕೊಡಬೇಕಾಗುತ್ತದೆ. ದಂಡ ಬೀಳಬಹುದು, ಗಡಿಯಿಂದ ಬಿಡಬೇಕಾದ ಅಂತರ ಬಿಡದಿದ್ದರೆ ಆ ಭಾಗವನ್ನು ಒಡೆಯಬೇಕಾಗಲೂಬಹುದು. ಆದರೂ ಅಡಿಪಾಯದ ಹಂತದಲ್ಲಿ ಒಡೆಯುವ ಖರ್ಚಿಗೂ ಮಹಡಿ ಹಾಕಿದ ಮೇಲೆ ಒಡೆಯುವ ಖರ್ಚಿಗೂ ಹೋಲಿಕೆಯೇ ಇಲ್ಲ. ಜಾಗದ ಮೂಲದಾಖಲೆ ಸರಿಯಿದ್ದು ತಪ್ಪು ಅರ್ಜಿ ಕೊಡದಿರುವುದು ಮಾತ್ರವಾಗಿದ್ದರೆ ನಾನು ಯಾವ ಅನುಮಾನವೂ ಇಲ್ಲದೆ ಈ ದಾರಿಯನ್ನೇ ಹೇಳುತ್ತೇನೆ.

ಮುಗಿಸಿಬಿಟ್ಟು ಆಮೇಲೆ ಸಕ್ರಮ ಮಾಡಿಸಿಕೊಳ್ಳುವುದು ಎರಡನೆಯದು. ಗುತ್ತಿಗೆದಾರರು ಹೆಚ್ಚಾಗಿ ಹೇಳುವುದು ಇದನ್ನೇ, "ಸರ್ಕಾರ ಹೇಗೂ ಅಕ್ರಮ ಸಕ್ರಮ ತರುತ್ತದೆ" ಎಂಬ ಧೈರ್ಯದ ಮೇಲೆ. ಪಟ್ಟಣಗಳ ಕಟ್ಟಡ ಉಲ್ಲಂಘನೆಗಳನ್ನು ವಸತಿಗೆ ಶೇ. 50ರವರೆಗೆ, ವಾಣಿಜ್ಯಕ್ಕೆ ಶೇ. 25ರವರೆಗೆ ಸಕ್ರಮಗೊಳಿಸಲು ರಾಜ್ಯ ಸರ್ಕಾರ ತಂದಿದ್ದ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದರೂ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಆ ಯೋಜನೆಯೂ ಹಿಂದೆ ಕಟ್ಟಿ ಮುಗಿದದ್ದಕ್ಕೆ ಅನ್ವಯಿಸುವಂತಹದ್ದೇ ಹೊರತು ಇವತ್ತು ಕಟ್ಟುವುದಕ್ಕೆ ಅಲ್ಲ. ಅದರ ಮೇಲೆ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಲೆಕ್ಕವನ್ನೇ ಬದಲಿಸಿದೆ: ಕಟ್ಟಡ ಮಂಜೂರಾದ ನಕ್ಷೆಯಂತೆ ಮುಗಿದಿದೆ ಎಂಬ ಪ್ರಮಾಣಪತ್ರವಿದ್ದರೆ ಮಾತ್ರ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳು ಸಾಲ ಕೊಡುವಾಗಲೂ ಅದನ್ನು ನೋಡಬೇಕು, ಮಂಜೂರಾದ ನಕ್ಷೆಯನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿರಬೇಕು ಎಂದು ಅದು ಹೇಳುತ್ತದೆ. ಬಾಡಿಗೆ ಮನೆಗೆ ಪ್ರತ್ಯೇಕ ಮೀಟರ್ ಇಲ್ಲದಿದ್ದರೆ ಬಾಡಿಗೆದಾರರು ಬರುವುದೇ ಇಲ್ಲ. ಹಳೆಯ ಮೀಟರಿನಿಂದ ತಂತಿ ಎಳೆದು ಹೊಸ ಮನೆಗೂ ಕೊಟ್ಟರೆ, ಗೀಸರು ಇಂಡಕ್ಷನ್ ಒಲೆಗಳ ಭಾರ ಹೊರಲಾರದೆ ಹಳೆಯ ವೈರಿಂಗ್ ಕಾಯುತ್ತದೆ, ಮಳೆಗಾಲದ ತೇವದ ಗೋಡೆಗಳಲ್ಲಿ ಅದು ಬೆಂಕಿಗೋ ಶಾಕ್‌ಗೋ ದಾರಿ. ಅನುಮತಿ ತಪ್ಪಿಸಿದ ಕೆಲಸದಲ್ಲಿ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನೂ ಇರುವುದಿಲ್ಲ, ಅವನು ಸಹಿ ಮಾಡಿದ ವೈರಿಂಗ್ ವರದಿಯಿಲ್ಲದೆ ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ. ಈ ಎರಡನೆಯ ದಾರಿ ಕಾಗದದ ಮೇಲೆ ಅಗ್ಗವಾಗಿ ಕಂಡರೂ ಬಾಡಿಗೆ ಆಸ್ತಿಯ ಮಟ್ಟಿಗೆ ಅತ್ಯಂತ ದುಬಾರಿಯಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೋಂಸ್ಟೇ ಮಾಡುವ ಯೋಚನೆ ಇದ್ದವರಂತೂ ಇದರ ಹತ್ತಿರ ಸುಳಿಯಬಾರದು. ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ ಸ್ಥಳೀಯ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು, ಕೋಣೆಗಳು ಐದನ್ನು ಮೀರಬಾರದು, ಮಾಲೀಕರು ಅಲ್ಲೇ ವಾಸವಿರಬೇಕು. ಗುತ್ತಿಗೆದಾರನ ಮಾತು ಕೇಳಿ ಆರನೆಯ ಕೋಣೆ ಕಟ್ಟಿಸಿದವರು ಆ ಕೋಣೆಯನ್ನು ಮಾತ್ರವಲ್ಲ, ಇಡೀ ಮನೆಯ ನೋಂದಣಿಯನ್ನು ಪಣಕ್ಕೆ ಇಟ್ಟಂತೆ.

ಗುತ್ತಿಗೆದಾರನನ್ನು ಬಿಡಿಸಿ ಬೇರೆಯವರಿಗೆ ಕೊಡುವುದು ಮೂರನೆಯ ದಾರಿ. ಕೋಪ ಬಂದಾಗ ಮೊದಲು ಹೊಳೆಯುವುದು ಇದೇ, ಆದರೆ ಇದನ್ನು ಮೊದಲನೆಯ ದಾರಿಯ ಜೊತೆ ಸೇರಿಸಿದರೆ ಮಾತ್ರ ಪ್ರಯೋಜನ. ಅರ್ಧ ಆದ ಕೆಲಸವನ್ನು ಇನ್ನೊಬ್ಬ ಮೇಸ್ತ್ರಿ ಕೈಗೆತ್ತಿಕೊಂಡರೆ ಹಿಂದಿನವನ ತಪ್ಪಿಗೆ ತಾನು ಹೊಣೆಯಲ್ಲ ಎನ್ನುತ್ತಾನೆ, ಹಿಂದಿನವನು ತನ್ನ ನಂತರ ಬಂದವನು ಕೆಡಿಸಿದ ಎನ್ನುತ್ತಾನೆ. ಆದ್ದರಿಂದ ಬಿಡಿಸುವ ದಿನವೇ ಎಂಜಿನಿಯರಿಂದ ಆದ ಕೆಲಸದ ಅಳತೆ, ಕಬ್ಬಿಣದ ಗಾತ್ರ, ಅಡಿಪಾಯದ ಆಳ ಬರೆಸಿ, ದಿನಾಂಕ ಕಾಣುವ ಫೋಟೊಗಳೊಂದಿಗೆ ಇಬ್ಬರೂ ಸಹಿ ಮಾಡಬೇಕು. ಸಹಿ ಮಾಡದಿದ್ದರೆ ಅದೇ ವರದಿಯನ್ನು ನೋಂದಾಯಿತ ಅಂಚೆಯಲ್ಲಿ ಅವನಿಗೆ ಕಳುಹಿಸಿದರೂ ಆದೀತು. ಸಿಮೆಂಟು, ಕಬ್ಬಿಣದ ಅಂಗಡಿಯಲ್ಲಿ ನಿಮ್ಮ ಹೆಸರಿನಲ್ಲಿ ಸಾಲ ಬರೆಸಿದ್ದಾನೆಯೇ ಎಂದೂ ಅಂದೇ ವಿಚಾರಿಸಬೇಕು.

ನಾಲ್ಕನೆಯದು ಕಾನೂನಿನ ದಾರಿ. ಕೆಲಸದಲ್ಲಿ ಲೋಪವಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿಯವರೆಗಿದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿ, 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಬಾಡಿಗೆ ಮನೆಯವರಿಗೆ ಇಲ್ಲೊಂದು ತೊಡಕಿದೆ: ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆ ಗ್ರಾಹಕ ಕಾಯ್ದೆಯ ಹೊರಗೆ ಉಳಿಯುತ್ತದೆ, ಸ್ವಂತ ಜೀವನೋಪಾಯಕ್ಕಾಗಿ ಸ್ವಂತ ದುಡಿಮೆಯಿಂದ ನಡೆಸುವುದಕ್ಕೆ ಮಾತ್ರ ವಿನಾಯಿತಿ. ಒಂದೆರಡು ಮನೆಗಳ ಬಾಡಿಗೆಯಿಂದ ಬದುಕುವ ನಿವೃತ್ತರ ಸ್ಥಿತಿಯೂ ಹತ್ತು ಮನೆಗಳ ಕಟ್ಟಡ ಕಟ್ಟಿಸುವವರ ಸ್ಥಿತಿಯೂ ಇಲ್ಲಿ ಒಂದೇ ಅಲ್ಲ. ಎದುರು ವಕೀಲರು ಮೊದಲು ಹಿಡಿಯುವುದು ಈ ಎಳೆಯನ್ನೇ ಆದ್ದರಿಂದ ಬಾಡಿಗೆಯೇ ಜೀವನಾಧಾರ ಎಂಬುದನ್ನು ದೂರಿನಲ್ಲೇ ಬರೆದಿರಬೇಕು. ಆ ಬಾಗಿಲು ಮುಚ್ಚಿದರೆ ಸಿವಿಲ್ ನ್ಯಾಯಾಲಯ ಉಳಿಯುತ್ತದೆ, ಅದು ನಿಧಾನ. ಯಾವ ಬಾಗಿಲು ತಟ್ಟಿದರೂ ಮೊದಲು ಕೇಳುವ ಪ್ರಶ್ನೆ, ಅನುಮತಿ ತರುವ ಹೊಣೆ ಯಾರದೆಂದು ಎಲ್ಲಿ ಬರೆದಿದೆ ಎಂಬುದು. ಬಾಯಿಮಾತಿನ ಗುತ್ತಿಗೆಯವರು ವಾಟ್ಸಾಪ್ ಸಂದೇಶಗಳನ್ನೂ ಬ್ಯಾಂಕ್ ವರ್ಗಾವಣೆಯ ದಾಖಲೆಗಳನ್ನೂ ಅಳಿಸದೆ ಇಟ್ಟುಕೊಳ್ಳಬೇಕು.

ಯಾವಾಗ ಯಾವುದು

ನನ್ನ ಮಟ್ಟಿಗೆ ತೀರ್ಮಾನ ಮಾಡುವ ಪ್ರಶ್ನೆ ಹಣದ್ದಲ್ಲ, ಮಣ್ಣಿನದು. ಬರೆ ಕಡಿದಿಲ್ಲ, ಸಮತಟ್ಟಾದ ಜಾಗದಲ್ಲಿ ಒಂದು ಕೋಣೆಯ ಅಡಿಪಾಯ ಮಾತ್ರ ಆಗಿದೆ ಎಂದಾದರೆ ಅದೇ ಗುತ್ತಿಗೆದಾರನನ್ನು ಕೂರಿಸಿಕೊಂಡು ಮಾತನಾಡಿ, ಕೆಲಸ ನಿಲ್ಲಿಸಿ, ಅನುಮತಿ ತಂದು ಮುಂದುವರಿಸಬಹುದು. ಊರಿನವನೇ ಆದ, ತಪ್ಪು ಒಪ್ಪಿಕೊಳ್ಳುವ ಮೇಸ್ತ್ರಿಯನ್ನು ಕಳೆದುಕೊಳ್ಳುವುದರಿಂದ ಲಾಭವಿಲ್ಲ. ಬರೆ ಕಡಿದಾಗಿದ್ದರೆ ಗುತ್ತಿಗೆದಾರನ ಮಾತು ಅಲ್ಲಿಗೆ ಮುಗಿಯಬೇಕು. ಎಂಜಿನಿಯರ್ ಬಂದು ನೋಡುವವರೆಗೆ ಅವನಿಂದ ಒಂದು ಕಲ್ಲನ್ನೂ ಇಡಿಸಬಾರದು, ಏಕೆಂದರೆ ಅವಸರದಲ್ಲಿ ಕಟ್ಟಿದ ಗೋಡೆ ಅಪಾಯವನ್ನು ತಪ್ಪಿಸುವ ಬದಲು ಮುಚ್ಚಿಡುತ್ತದೆ. ಮಳೆ ಹತ್ತಿರವಿದ್ದರೆ ಆ ವರ್ಷ ಕಟ್ಟುವುದನ್ನೇ ಕೈಬಿಟ್ಟು, ಕಡಿದ ಮೇಲ್ಮೈಯನ್ನು ಇಳಿಜಾರು ಮಾಡಿ, ಮೇಲಿನ ನೀರನ್ನು ತಿರುಗಿಸಿ, ಟಾರ್ಪಾಲು ಹೊದಿಸಿ ಬಿಡುವುದು ಲೇಸು. ಮಳೆಗಾಲದಲ್ಲಿ ಮಣ್ಣು ಅಗೆಯುವುದನ್ನು ಜಿಲ್ಲಾಡಳಿತ ನಿಷೇಧಿಸುವುದರಿಂದ ಆಗ ಜೆಸಿಬಿ ತರಿಸಿ ಸರಿಪಡಿಸುತ್ತೇನೆ ಎನ್ನುವ ಮಾತಿಗೂ ಅರ್ಥವಿಲ್ಲ.

ಇಂಗುಗುಂಡಿಯ ಬಗ್ಗೆಯೂ ಇದೇ ಮಾತು. ಒಂದು ಮನೆಯನ್ನು ಎರಡು ಮಾಡಿದಾಗ ಬಳಸುವ ನೀರು ಇಮ್ಮಡಿಯಾಗುತ್ತದೆ, ಗುಂಡಿ ಮಾತ್ರ ಹಳೆಯದೇ ಇರುತ್ತದೆ. ಬರೆಯ ಮೇಲ್ಭಾಗದಲ್ಲಿ ಗುಂಡಿಯಿದ್ದರೆ ಬೇಸಿಗೆಯಲ್ಲೂ ಆ ಮಣ್ಣು ಒಳಗಿಂದ ಒದ್ದೆಯಾಗಿಯೇ ಉಳಿಯುತ್ತದೆ. ನಕ್ಷೆ ಮಾಡುವಾಗ ಎಂಜಿನಿಯರ್ ಗುರುತಿಸುವ ಮೊದಲ ಸಂಗತಿಗಳಲ್ಲಿ ಇದೊಂದು, ಅನುಮತಿ ತಪ್ಪಿಸಿದ ಕೆಲಸದಲ್ಲಿ ಇದನ್ನು ಕೇಳುವವರೇ ಇರುವುದಿಲ್ಲ.

ಮನೆಯಲ್ಲಿ ಈಗಾಗಲೇ ಬಾಡಿಗೆದಾರರಿದ್ದರೆ ಅವರಿಗೆ ಹೇಳಬೇಕೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಪ್ರಕರಣವು ಬಾಡಿಗೆಗೆ ಕೊಡುವವನು ತನಗೆ ತಿಳಿದಿರುವ, ತೆಗೆದುಕೊಳ್ಳುವವನಿಗೆ ಸಾಮಾನ್ಯವಾಗಿ ಕಾಣದಂತಹ ಮುಖ್ಯ ದೋಷವನ್ನು ತಿಳಿಸಬೇಕೆಂದು ಹೇಳುತ್ತದೆ. ಕಾನೂನು ಹೇಳದಿದ್ದರೂ ತಿಳಿಸಲೇಬೇಕು. ಮಲಗುವ ಕೋಣೆಯನ್ನು ಬರೆಯ ಕಡೆಯಿಂದ ಮುಂಭಾಗಕ್ಕೆ ಬದಲಿಸಿಕೊಳ್ಳುವಂತೆ ಹೇಳಿ, ಕೆಲಸ ಸರಿಯಾಗುವವರೆಗೆ ಬಾಡಿಗೆ ಇಳಿಸಿ, ಬಿಡಲು ಬಯಸಿದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸಬೇಕು. ಹನ್ನೊಂದು ತಿಂಗಳ ಕರಾರು ಬಾಕಿಯಿದೆ ಎಂದು ಹಿಡಿದಿಟ್ಟುಕೊಳ್ಳುವ ಸಂದರ್ಭ ಇದಲ್ಲ.

ಹೊಸ ಗೋಡೆಗೆ ಅನುಮತಿ ಪಡೆದು ಕಟ್ಟಿಸಿದಾಗ ಎಂಜಿನಿಯರ್ ಎರಡು ಮೀಟರಿಗೊಂದರಂತೆ ನಾಲ್ಕು ಅಂಗುಲದ ಪೈಪುಗಳನ್ನು ಇಡಿಸಿ, ಹಿಂದೆ ಒಂದೂವರೆ ಅಡಿ ದಪ್ಪಕ್ಕೆ ಜಲ್ಲಿ ತುಂಬಿಸಿದರು. ಮರುವರ್ಷ ಜೂನ್‌ನಲ್ಲಿ ಮಳೆ ಹಿಡಿದ ಮೂರನೆಯ ದಿನ ನಾನು ಕೊಡೆ ಹಿಡಿದು ಅಲ್ಲಿಗೆ ಹೋದೆ. ಕೆಳಸಾಲಿನ ಪೈಪುಗಳೆಲ್ಲದರಿಂದ ತಿಳಿನೀರು ಹರಿಯುತ್ತಿತ್ತು. ಶಿಕ್ಷಕಿಯ ದೊಡ್ಡ ಮಗ ಕಿಟಕಿಯಿಂದಲೇ ಅವುಗಳನ್ನು ಎಣಿಸಿ ಹದಿನಾಲ್ಕೂ ಬರುತ್ತಿವೆ ಎಂದು ಹೇಳಿದ. ಈಗ ಪ್ರತಿ ಮಳೆಗಾಲ ಅವನೇ ನೋಡಿ, ಯಾವುದಾದರೂ ಪೈಪಿನಲ್ಲಿ ನೀರು ನಿಂತರೆ ಅಥವಾ ಕೆಂಪಾಗಿ ಬಂದರೆ ನನಗೆ ಫೋನ್ ಮಾಡುತ್ತಾನೆ.